ಗಡ್ಡೆಯ ಮಗ್ಗುಲಿಗೇ ಹೋಗಿ ಕೂರುವ ಕಿರಣ

ಗರ್ಭಕೊರಳಿನ ಕ್ಯಾನ್ಸರ್‌ಗೆ ಐದು ವಾರ ಹೊರಗಿನಿಂದ 'ಕರೆಂಟ್' (ವಿಕಿರಣ) ಕೊಟ್ಟಾದ ಮೇಲೆ ಗಡ್ಡೆ ಕುಗ್ಗಿರುತ್ತದೆ, ರಕ್ತಸ್ರಾವ ನಿಂತಿರುತ್ತದೆ, ಊರಿಗೆ ಹೊರಡುವ ಆತುರವೂ ಇರುತ್ತದೆ. ಆದರೆ ಚಿಕಿತ್ಸೆ ಮುಗಿದಿರುವುದಿಲ್ಲ. ವಿಕಿರಣದ ಮೂಲವನ್ನೇ ದೇಹದೊಳಗೆ, ಗಡ್ಡೆಯ ಪಕ್ಕಕ್ಕೆ ಒಯ್ದಿಡುವ ಬ್ರಾಕಿಥೆರಪಿ ಇನ್ನೂ ಬಾಕಿ. ರೋಗ ಬುಡಸಮೇತ ಹೋಗುವುದೋ ಮತ್ತೆ ಚಿಗುರುವುದೋ ಬಹುಪಾಲು ನಿರ್ಧಾರವಾಗುವುದು ಅಲ್ಲೇ.

ಉಪಾಯ ಹಳೆಯದು. ರೇಡಿಯಂ ತುಂಬಿದ ಕೊಳವೆಯನ್ನು ಗಡ್ಡೆಯೊಳಗೇ ಇಡಬಹುದೆಂದು ಪ್ಯಾರಿಸ್‌ನಲ್ಲಿ ಪಿಯರ್ ಕ್ಯೂರಿ 1901ರಲ್ಲೇ ಸೂಚಿಸಿದ್ದರು. ಇಂದು ರೇಡಿಯಂ ಜಾಗದಲ್ಲಿ ಅಕ್ಕಿಕಾಳಿಗಿಂತ ಸಣ್ಣದಾದ ಇರಿಡಿಯಂ-192 ಇದೆ. ಇದರ ಬಲವೆಲ್ಲ ದೂರದ ಲೆಕ್ಕದಲ್ಲಿದೆ: ಮೂಲದಿಂದ 1 ಸೆಂ.ಮೀ. ದೂರದಲ್ಲಿ ಸಿಗುವ ಪ್ರಮಾಣ 2 ಸೆಂ.ಮೀ.ಗೆ ಹೋಗುವಷ್ಟರಲ್ಲಿ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹೊರಗಿನ ಕಿರಣ ಚರ್ಮ, ಕರುಳು ಎಲ್ಲವನ್ನೂ ಹಾದು ಬರಬೇಕು. ಒಳಗಿಟ್ಟ ಮೂಲಕ್ಕೆ ಆ ಹಾದಿಯೇ ಇಲ್ಲ.

ಕಿರಣ ತಾಗಿದ ಜೀವಕೋಶದ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಒಂದು ಎಳೆ ಹರಿದರೆ ಕೋಶ ಹೊಲಿದುಕೊಳ್ಳುತ್ತದೆ. ಎರಡೂ ಅಕ್ಕಪಕ್ಕದಲ್ಲೇ ಹರಿದರೆ ಕಷ್ಟ. ಹಾಗೆಂದು ಕೋಶ ತಕ್ಷಣ ಸಾಯುವುದಿಲ್ಲ. ಮುಂದೆ ಇಬ್ಭಾಗವಾಗಲು ಹೊರಟಾಗ ಸೋತು ಸಾಯುತ್ತದೆ. ಗಡ್ಡೆ ಕರಗಲು ವಾರಗಳು ಹಿಡಿಯುವುದು ಇದರಿಂದಲೇ. ಆರೋಗ್ಯವಂತ ಕೋಶಗಳಿಗೆ ದುರಸ್ತಿಯ ಕಸುವು ಹೆಚ್ಚು, ಆದರೆ ಅವಕ್ಕೆ ಬಿಡುವು ಬೇಕು. ಆದ್ದರಿಂದಲೇ ಚಿಕಿತ್ಸೆಯನ್ನು ಕಂತುಗಳಲ್ಲಿ ಕೊಡುತ್ತಾರೆ: 7 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಅಳತೆ) ನಾಲ್ಕು ಸಲ ಎಂಬುದು ಒಂದು ರೂಢಿ, ಭಾರತದಲ್ಲಿ 9 ಗ್ರೇಯಂತೆ ಎರಡೇ ಸಲ ಕೊಡುವುದೂ ಉಂಟು. ದೊಡ್ಡ ಗಡ್ಡೆಯ ನಡುಭಾಗದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿನ ಕೋಶಗಳು ಕಿರಣಕ್ಕೆ ಸುಲಭವಾಗಿ ಮಣಿಯವು. ಒಳಗಿನ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಪ್ರಮಾಣ ಬೀಳುವುದೂ ಆ ಮೊಂಡು ನಡುಭಾಗಕ್ಕೇ.

ಚಿಕಿತ್ಸೆಯ ಕೋಣೆಯಲ್ಲಿ ಮಾತ್ರ ಎಲ್ಲವೂ ಕೈಚಳಕದ ಮೇಲೆ ನಿಂತಿದೆ. ಬಾಗಿದ ತೆಳು ಕೊಳವೆಯೊಂದು ಗರ್ಭಕೊರಳಿನ ಮೂಲಕ ಗರ್ಭಾಶಯದೊಳಗೆ ಹೋಗುತ್ತದೆ. ಇನ್ನೆರಡು ಗರ್ಭಕೊರಳಿನ ಇಕ್ಕೆಲದಲ್ಲಿ. ಮೂತ್ರಕೋಶ, ಗುದನಾಳ ದೂರ ಸರಿಯಲೆಂದು ಗಾಜ್ ಬಟ್ಟೆಯನ್ನು ಒತ್ತೊತ್ತಾಗಿ ತುಂಬುತ್ತಾರೆ. ಸ್ಕ್ಯಾನ್ ಆಗಿ ಲೆಕ್ಕ ಸಿದ್ಧವಾದ ಮೇಲೆ ಎಲ್ಲರೂ ಹೊರಬರುತ್ತಾರೆ. ತಂತಿಯ ತುದಿಯ ಇರಿಡಿಯಂ ಕೊಳವೆಯೊಳಗೆ ನಡೆದು, ಒಂದೊಂದು ತಾಣದಲ್ಲಿ ಕೆಲವು ಸೆಕೆಂಡು ನಿಂತು, ನಿಮಿಷಗಳಲ್ಲಿ ಯಂತ್ರಕ್ಕೆ ಮರಳುತ್ತದೆ. ಕೊಳವೆ ಅರ್ಧ ಸೆಂ.ಮೀ. ಜಾರಿದ್ದರೂ ಗಡ್ಡೆಗೆ ಸಲ್ಲಬೇಕಾದದ್ದು ಗುದನಾಳಕ್ಕೆ ಸಂದೀತು. ದೂರದ ಅದೇ ಲೆಕ್ಕ ಇಲ್ಲಿ ವೈರಿಯಾಗುತ್ತದೆ.

ಫಲ ಮಾತ್ರ ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. ಎಂಆರ್‌ಐ ನೋಡಿ ಲೆಕ್ಕ ಹಾಕಿದ ಬ್ರಾಕಿಥೆರಪಿಯ ಬಗ್ಗೆ 2021ರಲ್ಲಿ ಪ್ರಕಟವಾದ 'ಎಂಬ್ರೇಸ್' ಅಧ್ಯಯನದಲ್ಲಿ 1,341 ಮಹಿಳೆಯರಿದ್ದರು; ಐದು ವರ್ಷದ ಹೊತ್ತಿಗೆ ಗಡ್ಡೆಯಿದ್ದ ಜಾಗದಲ್ಲಿ ರೋಗ ಹತೋಟಿಯಲ್ಲಿದ್ದದ್ದು ಶೇ. 92ರಷ್ಟು ಮಂದಿಯಲ್ಲಿ. ಅದಕ್ಕೂ ಮೊದಲು ಅಮೆರಿಕದಲ್ಲಿ ಬ್ರಾಕಿಥೆರಪಿಯ ಬಳಕೆ 1988ರ ಶೇ. 83ರಿಂದ 2009ಕ್ಕೆ ಶೇ. 58ಕ್ಕೆ ಕುಸಿದಿತ್ತು. ಹೊರಗಿನಿಂದಲೇ ಕರಾರುವಾಕ್ಕಾಗಿ ಗುರಿಯಿಡುವ ಹೊಸ ಯಂತ್ರಗಳು ಅಷ್ಟರಲ್ಲಿ ಬಂದಿದ್ದವು. ಆದರೆ ಬ್ರಾಕಿಥೆರಪಿ ಪಡೆದವರಲ್ಲಿ ಬದುಕುಳಿದವರ ಪ್ರಮಾಣವೇ ಹೆಚ್ಚಿತ್ತು. ದುಬಾರಿ ಯಂತ್ರ ಬಂತೆಂದು ಇದನ್ನು ಕೈಬಿಡುವುದು ರೋಗಿಗೆ ಮಾಡುವ ಅನ್ಯಾಯ.

ಇರಿಡಿಯಂನ ಬಲ ಸುಮಾರು 74 ದಿನಕ್ಕೆ ಅರ್ಧವಾಗುವುದರಿಂದ ಮೂರ್ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕು. ಇದೇ ಕೆಲಸಕ್ಕೆ ಬಳಸಬಹುದಾದ ಕೋಬಾಲ್ಟ್-60ಕ್ಕೆ ಐದು ವರ್ಷಕ್ಕೂ ಮೀರಿದ ಅರ್ಧಾಯು. ಸಣ್ಣ ಊರಿನ ಆಸ್ಪತ್ರೆಗೆ ಇದು ದೊಡ್ಡ ಅನುಕೂಲ.

ಆದರೆ ಈ ಪದ್ಧತಿಯ ನಿಜವಾದ ಕೊರತೆ ಗಡ್ಡೆಯ ವಿಷಯದಲ್ಲಲ್ಲ, ಉಳಿದ ಜೀವಂತ ಅಂಗಾಂಶದ ವಿಷಯದಲ್ಲಿದೆ. ತಿಂಗಳುಗಳ ನಂತರ ಗುದನಾಳದಿಂದ ರಕ್ತ ಹೋಗಬಹುದು, ಮೂತ್ರಕೋಶ ಬಿಗಿಯಾಗಬಹುದು, ಯೋನಿ ಒಣಗಿ ಕಿರಿದಾಗಬಹುದು. ಎಂಬ್ರೇಸ್‌ನಲ್ಲೂ ತೀವ್ರ ಕರುಳಿನ ತೊಂದರೆ ಶೇ. 8.5ರಷ್ಟು ಜನರಿಗೆ ಬಂದಿತ್ತು. ಯೋನಿ ಕಿರಿದಾಗದಂತೆ ಡೈಲೇಟರ್ ಬಳಸುವ ಕ್ರಮವಿದೆ, ಆದರೆ ಅದನ್ನು ಮಹಿಳೆಗೆ ಮುಜುಗರವಾಗದಂತೆ ಹೇಳಿಕೊಡಲು ನರ್ಸ್ ಒಬ್ಬರಿಗೆ ಬಿಡುವು ಬೇಕು, ಬಾಗಿಲು ಮುಚ್ಚುವ ಕೋಣೆ ಬೇಕು. ಕೊಳವೆ ಕೂರಿಸುವಾಗಿನ ನೋವಿಗೆ ಸರಿಯಾದ ಅರಿವಳಿಕೆಯೂ ಅಷ್ಟೇ ಮುಖ್ಯ. ಮೊದಲ ಸಲ ನೋವುಂಡ ಹೆಂಗಸು ಎರಡನೆಯ ಕಂತಿಗೆ ಬರದೆ ಹೋದರೆ ಐದು ವಾರದ ಕರೆಂಟೂ ಅರೆಬರೆಯಾಗುತ್ತದೆ.