ಕೈಯಲ್ಲಿ ಎಷ್ಟು?

ಹರದನಹಳ್ಳಿ ಅಂದ ಕೂಡಲೇ ಬರುವ ಮುಂದಿನ ಮಾತು ದೇವೇಗೌಡರು. 1933ರಲ್ಲಿ ಅಲ್ಲಿ ಹುಟ್ಟಿದವರು 1996ರಲ್ಲಿ ಪ್ರಧಾನಿಯಾದರು. ಹೊಳೆನರಸೀಪುರ ತಾಲ್ಲೂಕಿನ ಆ ಊರಿನ ಮನೆ, ಹೊಲ, ಕೊಟ್ಟಿಗೆ, ದಾಯಾದಿ ಜಗಳ ಎಲ್ಲವೂ ಆ ಒಂದು ಹೆಸರಿನೊಳಗೆ ಮಡಚಿಕೊಂಡವು. ಪ್ರೋಗ್ರಾಮಿಂಗ್ ಕಲಿಸುವವರು ‘ರಿಡ್ಯೂಸ್’ ಅನ್ನುವುದನ್ನು ವಿವರಿಸುವುದೂ ಹೆಚ್ಚುಕಮ್ಮಿ ಹೀಗೇ. ಉದ್ದನೆಯ ಪಟ್ಟಿ ಕೊಡಿ, ಕೊನೆಗೆ ಒಂದೇ ಒಂದು ಬೆಲೆ ಉಳಿಯುತ್ತದೆ. ಉದಾಹರಣೆಯೂ ಖಾಯಂ: ಒಂದರಿಂದ ಐದರವರೆಗೆ ಕೂಡಿ, 15. ಅಲ್ಲಿಗೆ ಪಾಠ ಮುಗಿಯಿತು. ಈ ವಿವರಣೆ ಸುಳ್ಳೇನಲ್ಲ, ಆದರೆ ಕಲಿಯುವವರನ್ನು ತಪ್ಪು ದಾರಿಗೆ ಹಚ್ಚುತ್ತದೆ ಎಂಬುದು ನನ್ನ ತಕರಾರು.

ಹಾಸನದ ಕಡೆ ಡೇರಿಗೆ ಹಾಲು ಹಾಕುವವರಿಗೆ ಇದು ಬೇಗ ತಿಳಿದೀತು. ಬೆಳಗಾಗುತ್ತಲೇ ಕ್ಯಾನು ಹಿಡಿದು ಸಾಲಲ್ಲಿ ನಿಲ್ಲಬೇಕು. ಹಾಲು ಅಳತೆಗೆ ಹೋಗುತ್ತದೆ, ಅದರಲ್ಲೇ ಒಂದಿಷ್ಟು ಯಂತ್ರದ ಪುಟ್ಟ ಬಟ್ಟಲಿಗೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಚ್ಚಾದ ಚೀಟಿ ಕೈಗೆ ಬರುತ್ತದೆ. ಸಂಜೆ ಮತ್ತೊಂದು. ಹದಿನೈದು ದಿನಕ್ಕೆ ಮೂವತ್ತು ಚೀಟಿ. ಇದೇ ನಮ್ಮ ಪಟ್ಟಿ.

ಎರಡೇ ಚೀಟಿ ತೆಗೆದುಕೊಳ್ಳೋಣ. ಬೆಳಿಗ್ಗೆ 10 ಲೀಟರ್, ಫ್ಯಾಟು 3.4. ಸಂಜೆ 5 ಲೀಟರ್, ಫ್ಯಾಟು 4.0. ದಿನದ ಸರಾಸರಿ ಎಷ್ಟು? ಅವಸರದವರು 3.7 ಅನ್ನುತ್ತಾರೆ. ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಕಲಕಿ ನೋಡಿದರೆ 3.6. ಮರುದಿನ ಬೆಳಿಗ್ಗೆ ಮತ್ತೆ 10 ಲೀಟರ್, 3.4 ಬಂತು ಅನ್ನಿ. ಎರಡೆರಡನ್ನು ಸರಾಸರಿ ಮಾಡುತ್ತಾ ಹೋಗುವ ರಿಡ್ಯೂಸ್, ಚೀಟಿಗಳನ್ನು ಬಂದ ಸಾಲಿನಲ್ಲೇ ಕೊಟ್ಟರೆ 3.55 ಹೇಳುತ್ತದೆ. ಸಂಜೆಯದನ್ನು ಕೊನೆಗಿಟ್ಟರೆ 3.7. ಕ್ಯಾನಿನಲ್ಲಿರುವುದು 3.52. ಅವೇ ಮೂರು ಚೀಟಿ, ಮೂರು ಉತ್ತರ! ಪ್ರೋಗ್ರಾಂ ಮಾತ್ರ ಯಾವ ತಪ್ಪನ್ನೂ ತೋರಿಸದೆ ಓಡುತ್ತದೆ.

ಪ್ರೈಮರಿ ಶಾಲೆಯ ಕೂಡುವ ಲೆಕ್ಕದಲ್ಲಿ ಮಕ್ಕಳು ‘ಹದಿನೈದಕ್ಕೆ ಐದು, ಕೈಯಲ್ಲಿ ಒಂದು’ ಅನ್ನುತ್ತಾರಲ್ಲ, ರಿಡ್ಯೂಸಿನ ಜೀವ ಇರುವುದು ಆ ‘ಕೈಯಲ್ಲಿ’. ಇಂಗ್ಲಿಷ್ ಪುಸ್ತಕಗಳು ಅದನ್ನು ಅಕ್ಯುಮುಲೇಟರ್ ಅನ್ನುತ್ತವೆ. ಕೇಳಿದರೆ ಬ್ಯಾಟರಿ ನೆನಪಾಗುತ್ತದೆ. ಹಾಲಿನ ಲೆಕ್ಕಕ್ಕೆ ಕೈಯಲ್ಲಿ ಎರಡಂಕಿ ಬೇಕು: ಲೀಟರು ಮತ್ತು ಲೀಟರನ್ನು ಫ್ಯಾಟಿನಿಂದ ಗುಣಿಸಿದ್ದು. ಬೆಳಗಿನದು 10 ಮತ್ತು 34, ಸಂಜೆಯದು 5 ಮತ್ತು 20, ಸೇರಿಸಿದರೆ 15 ಮತ್ತು 54. ಭಾಗಿಸುವುದು ಎಲ್ಲಾ ಮುಗಿದ ಮೇಲೆ, ಒಂದೇ ಸಲ. ಈಗ ಚೀಟಿಗಳನ್ನು ಹೇಗೆ ಕಲಸಿ ಕೊಟ್ಟರೂ ಉತ್ತರ ಕದಲದು. ಹತ್ತು ಊರಿನ ಜೋಡಿಗಳನ್ನು ಹಾಸನದಲ್ಲಿ ಕೂಡಿಸಿಕೊಳ್ಳಬಹುದು, ಹತ್ತು ಊರಿನ ಸರಾಸರಿಗಳನ್ನಲ್ಲ. ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ 2004ರಲ್ಲಿ ಪ್ರಕಟಿಸಿದ ಮ್ಯಾಪ್‌ರಿಡ್ಯೂಸ್ ಪ್ರಬಂಧದಲ್ಲೂ ಅಲ್ಲಲ್ಲೇ ಒಂದಿಷ್ಟು ಕೂಡಿಸಿಟ್ಟು ಆಮೇಲೆ ಒಟ್ಟು ಮಾಡುವ ಉಪಾಯವಿದೆ. ಅದೂ ನಡೆಯುವುದು ಇಂಥ ಲೆಕ್ಕಗಳಿಗೇ.

ಒಂದರಿಂದ ಐದು ಕೂಡುವ ಉದಾಹರಣೆ ಕೆಡುಕು ಮಾಡುವುದು ಇಲ್ಲೇ. ಕೂಡುವಾಗ ಕೈಯಲ್ಲಿರುವುದೂ ಅಂಕಿ, ಪಟ್ಟಿಯಲ್ಲಿರುವುದೂ ಅಂಕಿ, ಉತ್ತರವೂ ಅಂಕಿ. ಮೂರೂ ಬೇರೆಯಾಗಿರಬಹುದೆಂಬ ಅನುಮಾನವೇ ಹುಟ್ಟದು. ಸಾಲಿನ ಗೊಡವೆಯೂ ಇಲ್ಲ. ಕೂಡುವ ಬದಲು ಕಳೆದು ನೋಡಿ: 1, 2, 3ನ್ನು ಎಡದಿಂದ ಕಳೆದರೆ -4. ಕೆನ್ನೆತ್ ಐವರ್ಸನ್ನರ ಎಪಿಎಲ್ ಭಾಷೆ ಬಲದಿಂದ ಹಿಡಿಯುತ್ತದೆ, ಅಲ್ಲಿ 2. ಒಂದು ಓರೆಗೆರೆಯಲ್ಲಿ ಇಡೀ ರಿಡ್ಯೂಸನ್ನು ಬರೆದ ಪುಣ್ಯಾತ್ಮ ಅವರು. ಇನ್ನು ‘ಒಂದು ಬೆಲೆ’ ಅಂದರೆ ಚಿಕ್ಕದು ಎಂದೇನೂ ಇಲ್ಲ. ಚೀಟಿಗಳನ್ನೆಲ್ಲ ಸದಸ್ಯವಾರು ಖಾತೆಗಳಿಗೆ ಹಂಚುವುದೂ ರಿಡ್ಯೂಸೇ. ಕೊನೆಗೆ ಕೈಯಲ್ಲಿ ಉಳಿಯುವುದು ಇಡೀ ಲೆಡ್ಜರು.

ಪೈಥಾನ್ ಕಟ್ಟಿದ ಗೀಡೋ ವಾನ್ ರೋಸಮ್‌ಗೆ ಇದೆಲ್ಲ ಬೇಡವಾಗಿತ್ತು. ಕೂಡುವುದು, ಗುಣಿಸುವುದು ಬಿಟ್ಟರೆ ರಿಡ್ಯೂಸ್ ಓದಲು ಕಾಗದ ಪೆನ್ಸಿಲು ಬೇಕಾಗುತ್ತದೆ, ಲೂಪ್ ಬರೆಯಿರಿ ಎಂದು 2005ರಲ್ಲಿ ವಾದಿಸಿದರು. 2008ರ ಪೈಥಾನ್ 3ರಲ್ಲಿ ಅದನ್ನು ಮುಂಬಾಗಿಲಿನಿಂದ ಎತ್ತಿ ಫಂಕ್‌ಟೂಲ್ಸ್ ಎಂಬ ಹಿತ್ತಲಿಗೆ ಇಟ್ಟರು. ಒಂದೇ ಸಾಲಿಗೆ ಗಿಡಿದ ರಿಡ್ಯೂಸ್ ಓದಿ ಕಣ್ಣು ನೋಯಿಸಿಕೊಂಡವನಾಗಿ ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ಫ್ಯಾಟಿನ ಸರಾಸರಿಯನ್ನೇ ಕೈಯಲ್ಲಿಟ್ಟುಕೊಂಡು ಲೂಪ್ ಬರೆದವನೂ ಅದೇ 3.55ಕ್ಕೆ ಬಂದು ನಿಲ್ಲುತ್ತಾನೆ.

ಆರಂಭದಲ್ಲಿ ಕೈಯಲ್ಲಿ ಏನಿರಬೇಕು ಎಂಬುದನ್ನೂ ಪಾಠಗಳು ಹಾರಿಸಿಬಿಡುತ್ತವೆ. ಖಾಲಿ ಪಟ್ಟಿ ಕೊಟ್ಟು ಆರಂಭದ ಬೆಲೆ ಹೇಳದಿದ್ದರೆ ಜಾವಾಸ್ಕ್ರಿಪ್ಟ್ ಎರರ್ ಎಸೆಯುತ್ತದೆ. ಬೈದುಕೊಂಡು ಸೊನ್ನೆ ತುಂಬುತ್ತೇವೆ. ಲೀಟರಿಗೆ ಸೊನ್ನೆ ಸರಿ. ಹಸು ಬತ್ತಿ ಹದಿನೈದು ದಿನ ಹಾಲೇ ಹಾಕದ ಮನೆಯ ಸರಾಸರಿ ಫ್ಯಾಟು ಸೊನ್ನೆಯೇ? ಅದಕ್ಕೆ ಉತ್ತರ ‘ಲೆಕ್ಕವಿಲ್ಲ’ ಅಂತ. ಜೋಡಿ ಹಿಡಿದವನಿಗೆ 0 ಮತ್ತು 0 ಕಂಡು, ಭಾಗಿಸುವ ಮುಂಚೆ ಎಚ್ಚರವಾಗುತ್ತದೆ.

ಜೋಡಿಗೂ ಮಿತಿಯಿದೆ, ಅದನ್ನು ಮುಚ್ಚಿಡಲಾರೆ. 15 ಮತ್ತು 54 ಮಾತ್ರ ಉಳಿದರೆ, ಫ್ಯಾಟು ಇಳಿದದ್ದು ಬೆಳಗಿನ ಹಾಲಿನಲ್ಲೋ ಸಂಜೆಯದರಲ್ಲೋ ಯಾರೂ ಹೇಳಲಾರರು. ಬಟವಾಡೆಯ ದುಡ್ಡು ಕಡಿಮೆ ಬಂದ ದಿನ ಕೇಳಬೇಕಾಗುವುದು ಅದನ್ನೇ. ಕೆಲವು ಮನೆಗಳಲ್ಲಿ ಆ ಚೀಟಿಗಳನ್ನು ಸೂಜಿಯಲ್ಲಿ ಪೋಣಿಸಿ ಕ್ಯಾಲೆಂಡರಿನ ಮೊಳೆಗೇ ನೇತುಹಾಕಿರುತ್ತಾರೆ.