ಖಾಲಿ ಚೌಕಟ್ಟಿನ ಎದುರು

ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಲಕ್ಷಾಂತರ ಜನ ಬರುತ್ತಾರೆ. ಒಬ್ಬೊಬ್ಬರೇ ಬರುವವರು ಕಡಿಮೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಟೆಂಪೊಗಳಲ್ಲಿ ಓಣಿಗೆ ಓಣಿಯೇ ಹೊರಟು ಬರುತ್ತದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದ ಕೂಡಲೇ ಅಷ್ಟೂ ಜನ ಮೌನವಾಗುತ್ತಾರೆ. ಅವನು ನುಡಿಯುವುದು ಒಂದೇ ಮಾತು. ಆ ಮಾತನ್ನು ಹೊತ್ತು ಊರಿಗೆ ಮರಳಿದವರು, ಅದು ಮಳೆಗೆ ಸಂಬಂಧಿಸಿದ್ದೊ ರಾಜಕೀಯಕ್ಕೊ ಎಂದು ಚಹಾದಂಗಡಿಗಳಲ್ಲಿ ತಿಂಗಳುಗಟ್ಟಲೆ ವಾದಿಸುತ್ತಾರೆ. ಕಾರಣಿಕ ನಿಜವಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಇಲ್ಲಿ ನನ್ನ ಕುತೂಹಲ ಇರುವುದು ಈ ಕೇಳುವ ಬಗೆಯಲ್ಲಿ.

ಈಚೆಗೆ ಇದೇ ಸೀಮೆಯ ನಿವೃತ್ತ ಮೇಷ್ಟರೊಬ್ಬರು ಗುಂಪು ಪ್ರವಾಸದಲ್ಲಿ ರಷ್ಯಾ ನೋಡಿ ಬಂದರು. ಮೊಬೈಲಿನ ತುಂಬ ಚಿನ್ನದ ಗುಮ್ಮಟ, ಕಾರಂಜಿ, ಅರಮನೆಯ ಮೆಟ್ಟಿಲುಗಳ ಫೋಟೊಗಳು. “ಯಾವ ಚಿತ್ರ ಮನಸ್ಸಿನಲ್ಲಿ ಉಳಿಯಿತು ಸರ್?” ಎಂದು ಕೇಳಿದೆ. “ಚಿತ್ರ ಎಲ್ಲಿ ನೋಡಾದಪ್ಪ! ಗೈಡ್ ಹಿಡಿದ ಬಾವುಟ ತಪ್ಪಿಸಿಕೊಂಡ್ರ ಕಳದುಹೋಗ್ತೀವಿ ಅಂತ ಅದನ್ನ ನೋಡ್ಕೊಂತ ಹೋದ್ವಿ” ಎಂದು ನಕ್ಕರು.

ಈ ಪ್ರಾಮಾಣಿಕತೆ ನಮ್ಮ ಪ್ರವಾಸಕಥನಗಳಲ್ಲಿ ಕಾಣುವುದು ಅಪರೂಪ. 1970ರ ದಶಕದಲ್ಲಿ ಬಂದ ಜಿ.ಎಸ್. ಶಿವರುದ್ರಪ್ಪನವರ ಪುಸ್ತಕದ ಹೆಸರು ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’. ಆ ಹೆಸರಿನಲ್ಲೇ ಒಂದು ಊರಿದೆ, ಅದಕ್ಕೆ ಕೊಟ್ಟ ಕಾಲವಿದೆ. ಈಗ ಒಂದು ವಾರದಲ್ಲಿ ಎರಡು ನಗರ ಮುಗಿಯುತ್ತವೆ. ಮರಳಿ ಬಂದು ಬರೆದ ಪುಟಗಳಲ್ಲಿ ಅರಮನೆಯ ಕೋಣೆಗಳ ಲೆಕ್ಕ, ಊಟದ ತೊಂದರೆ, ಚಳಿಯ ವರ್ಣನೆ ಇರುತ್ತವೆ. ನೋಡಿದವರ ಒಳಗೆ ಏನಾಯಿತು ಎಂಬುದು ಇರುವುದಿಲ್ಲ.

ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿ 30 ಲಕ್ಷ ವಸ್ತುಗಳಿವೆ. ಒಂದೊಂದಕ್ಕೆ ಒಂದು ನಿಮಿಷ ಕೊಟ್ಟರೂ ಹಗಲಿರುಳು ಐದೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಹಾಗಾಗಿ ಎಲ್ಲವನ್ನೂ ನೋಡುತ್ತೇವೆಂಬ ಆಸೆಯೇ ಹುಸಿ. ಆಯ್ದುಕೊಳ್ಳದೆ ಬೇರೆ ದಾರಿಯಿಲ್ಲ.

ಇದೇ ಮ್ಯೂಸಿಯಮ್ಮಿನ ಒಂದು ಘಟನೆ ನೆನಪಾಗುತ್ತದೆ. 1941ರಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡಿನತ್ತ ನುಗ್ಗಿದಾಗ 10 ಲಕ್ಷಕ್ಕೂ ಹೆಚ್ಚು ಕಲಾವಸ್ತುಗಳನ್ನು ರೈಲಿನಲ್ಲಿ ಸ್ವೆರ್ದ್ಲೋವ್ಸ್ಕ್‌ಗೆ ಸಾಗಿಸಿದರು. ಮರಳಿ ತಂದಾಗ ಜಾಗ ತಪ್ಪಬಾರದೆಂದು ಖಾಲಿ ಚೌಕಟ್ಟುಗಳನ್ನು ಗೋಡೆಯ ಮೇಲೆಯೇ ಬಿಟ್ಟರು. ನಗರ ಹಸಿವಿನಿಂದ ಸಾಯುತ್ತಿತ್ತು. 1942ರ ವಸಂತದಲ್ಲಿ ಮ್ಯೂಸಿಯಮ್ಮನ್ನು ಸ್ವಚ್ಛ ಮಾಡಲು ಬಂದ ಸೈನಿಕ ಹುಡುಗರಿಗೆ ಪಾವೆಲ್ ಗುಬ್ಚೆವ್ಸ್ಕಿ ಎಂಬ ಮಾರ್ಗದರ್ಶಿ ಕೃತಜ್ಞತೆಯಿಂದ ಎಲ್ಲ ಕೋಣೆಗಳನ್ನೂ ತೋರಿಸಿದ. ಇಲ್ಲಿ ರೆಂಬ್ರಾಂಟ್ ಇದ್ದ, ಇಲ್ಲಿ ಲಿಯೊನಾರ್ಡೊ ಇದ್ದ ಎಂದು ಖಾಲಿ ಚೌಕಟ್ಟುಗಳ ಎದುರು ನಿಂತು ಚಿತ್ರಗಳನ್ನು ಮಾತಿನಲ್ಲೇ ಕಟ್ಟಿಕೊಟ್ಟ. ಅದೂ ಗುಂಪು ಪ್ರವಾಸವೇ. ಅಲ್ಲಿ ಚಿತ್ರಗಳಿರಲಿಲ್ಲ, ನೋಟವಿತ್ತು. ಈಗ ಚಿತ್ರಗಳಿವೆ.

ಖಾಲಿ ಚೌಕಟ್ಟಿನ ಕಥೆ ಕೇಳಿ ಕಣ್ಣೀರಾಗುವುದು ಸುಲಭ. 2022ರ ಕೊನೆಯಲ್ಲಿ ಉಕ್ರೇನಿನ ಖೆರ್ಸಾನ್ ನಗರವನ್ನು ಬಿಟ್ಟು ಹೋಗುವ ಮೊದಲು ರಷ್ಯಾದ ಪಡೆಗಳು ಅಲ್ಲಿನ ಕಲಾ ಮ್ಯೂಸಿಯಮ್ಮಿನ ಸಾವಿರಾರು ಕೃತಿಗಳನ್ನು ಕ್ರೈಮಿಯಾಕ್ಕೆ ಹೊತ್ತೊಯ್ದವು. ಆ ಗೋಡೆಗಳ ಬಗ್ಗೆ ಗೈಡ್ ಹೇಳುವುದಿಲ್ಲ, ಸರಿ. ಪ್ರವಾಸಿಯೂ ಕೇಳದಿದ್ದರೆ ಹೇಗೆ? ಅರಮನೆಯ ಚೆಲುವನ್ನು ಮೆಚ್ಚುವಾಗ ಅದು ಯಾರ ಬೆವರು, ಯಾರ ಲೂಟಿ ಎಂದು ಕೇಳುವ ಹಕ್ಕು ಟಿಕೆಟ್ಟಿನ ಜತೆಗೇ ಬಂದಿರುತ್ತದೆ. ಅದೇ ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಮ್ಮಿನಲ್ಲಿ ರೇಪಿನ್ 1873ರಲ್ಲಿ ಮುಗಿಸಿದ ಚಿತ್ರವಿದೆ. ವೋಲ್ಗಾ ದಡದಲ್ಲಿ 11 ಕೂಲಿಗಳು ಎದೆಗೆ ಪಟ್ಟಿ ಬಿಗಿದುಕೊಂಡು ದೋಣಿ ಎಳೆಯುತ್ತಿದ್ದಾರೆ. ಅದನ್ನು ಕೊಂಡವನು ಚಕ್ರವರ್ತಿಯ ಮಗ. ತೂಗುಹಾಕಿದ್ದು ಅರಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ. ಈ ಒಂದು ಸಂಗತಿ ನೂರು ಕೋಣೆಗಳ ಲೆಕ್ಕಕ್ಕಿಂತ ಹೆಚ್ಚು ಹೇಳುತ್ತದೆ.

ಐದೂವರೆ ಶತಮಾನದ ಹಿಂದೆ ಇದೇ ದಾರಿಯನ್ನು ಆ ಕಡೆಯಿಂದ ಸವೆಸಿದವನೊಬ್ಬನಿದ್ದ. ತ್ವೇರ್ ಊರಿನ ವ್ಯಾಪಾರಿ ಅಫಾನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬಹಮನಿಗಳ ಬೀದರಿಗೆ ಬಂದ. ಅದು ಮಹಮೂದ್ ಗವಾನನ ಕಾಲ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲು ಬಾಗಿಲಿಗೂ ಕಾವಲುಗಾರರು, ಹೋಗಿ ಬರುವವರ ಹೆಸರು ಬರೆದುಕೊಳ್ಳುವವರು, ಪರದೇಶಿಗಳಿಗೆ ಒಳಗೆ ಪ್ರವೇಶವಿಲ್ಲ ಎಂದು ಅವನು ಬರೆದಿಟ್ಟ. ಒಳಗೆ ಹೋಗಲಾಗದವನು ಹೊರಗಿನ ಲೋಕವನ್ನು ನೋಡಿದ. ಶ್ರೀಮಂತರ ವೈಭವವನ್ನು ಬರೆದ ಕೈಯಿಂದಲೇ ಹಳ್ಳಿಯ ಜನರ ಬಡತನವನ್ನೂ ಬರೆದ. ಇಲ್ಲಿಯವರ ಜತೆಗೂಡಿ ‘ಪರ್ವತ’ದ ಜಾತ್ರೆಗೂ ಹೋದ. ಅದು ಶ್ರೀಶೈಲವೆಂದು ವಿದ್ವಾಂಸರು ಗುರುತಿಸುತ್ತಾರೆ. ಊರಿನ ಭಾಷೆ ಬೆರೆತು ಅವನ ಬರಹದ ರಷ್ಯನ್ ನಡುವೆ ಪಾರಸಿ, ತುರ್ಕಿ, ಅರಬಿ ಮಾತುಗಳು ನುಸುಳಿದವು. ತನ್ನ ಊರು ಮುಟ್ಟುವ ಮೊದಲೇ ತೀರಿಕೊಂಡ. ಬರಹ ಮುಟ್ಟಿತು.

ಹಾಗೆ ನೋಡಿದರೆ ಗುಂಪಿನಲ್ಲಿ ಹೋಗುವುದು ದೋಷವಲ್ಲ. ಒಬ್ಬರೇ ಹೋಗುವಷ್ಟು ದುಡ್ಡು, ಭಾಷೆ, ಧೈರ್ಯ ಎಲ್ಲರಿಗೂ ಇರುವುದಿಲ್ಲ. ಮೈಲಾರದ ಜನವೂ ಗುಂಪಿನಲ್ಲೇ ಹೋಗುತ್ತಾರೆ, ನಿಕಿತಿನ್ನನೂ ಜಾತ್ರೆಗೆ ಗುಂಪಿನಲ್ಲೇ ಹೋದ. ನಮ್ಮ ಕಣ್ಣಿನ ಕೆಲಸವನ್ನು ಬಾವುಟಕ್ಕೆ ಒಪ್ಪಿಸುವುದು ದೋಷ. ನೂರು ಚಿತ್ರ ಬಿಟ್ಟು ಒಂದರ ಎದುರು ಹತ್ತು ನಿಮಿಷ ನಿಲ್ಲಿಸಿ ಎಂದು ಗುಂಪೇ ಕೇಳಬಹುದು. ಗುಂಪು ಕೇಳಿದರೆ ಗೈಡ್ ಕೇಳಿಸಿಕೊಳ್ಳಲೇಬೇಕು.

ಹೊರಡುವಾಗ ಮೇಷ್ಟರು ಏನೋ ನೆನಪಾದವರಂತೆ ಹೇಳಿದರು: “ಒಂದೊಂದು ಕೋಣ್ಯಾಗೂ ಮೂಲಿಗೆ ಒಂದು ಕುರ್ಚಿ, ಅದರ ಮ್ಯಾಲೆ ಒಬ್ಬಾಕಿ ಮುದುಕಿ. ಇಡೀ ದಿನ ಆ ಚಿತ್ರದ ಜೋಡಿ ಕುಂತಿರ್ತಾರಪ್ಪ. ಅವರನ್ನ ಮಾತಾಡಸಬೇಕಿತ್ತು.”

“ಅದನ್ನೇ ಬರೀರಿ ಸರ್” ಎಂದೆ.