ಕೆಲವೇ ದಿನಗಳ ಗುರುಕುಲ

ಜರ್ಮನಿಯ ಚಲಚ್ಚಿತ್ರ ನಿರ್ದೇಶಕರಾದ ವರ್ನರ್ ಹೆರ್ಜಾಗರು 2009ರಲ್ಲಿ ‘ರೋಗ್ ಫಿಲ್ಮ್ ಸ್ಕೂಲ್’ ಎಂಬ ಶಾಲೆಯೊಂದನ್ನು ಸಾರಿದರು. ಪುಂಡರ ಚಿತ್ರಶಾಲೆಯೆಂದು ಇದರ ಅರ್ಥ. ಮೊದಲನೆಯ ಪಾಠ 2010ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ನಡೆಯಿತು. ಸರ್ಕಾರದ ಆಶ್ರಯವಾಗಲಿ ವಿಶ್ವವಿದ್ಯಾನಿಲಯದ ಮುದ್ರೆಯಾಗಲಿ ಇದಕ್ಕಿರಲಿಲ್ಲ. ಗುರು ಒಬ್ಬರೇ; ಕಾಲಾವಧಿ ಕೆಲವೇ ದಿನ. ಅರ್ಜಿಯೊಡನೆ ಬಂದ ಚಿತ್ರಗಳನ್ನು ನೋಡಿ ಅವರೇ ಶಿಷ್ಯರನ್ನು ಆರಿಸುತ್ತಿದ್ದರು.

ಇಲ್ಲಿ ಯಂತ್ರಪಾಠವಿಲ್ಲ. ಕ್ಯಾಮರಾ ಹಿಡಿಯುವ ಬಗೆಯನ್ನು ಕಲಿಯತಕ್ಕವರು ಬೇರೆಡೆಗೆ ಹೋಗಲಿ ಎಂಬುದು ಶಾಲೆಯ ನಿಲುವು. ಅದು ಕೇಳಿದ್ದು ಎರಡನ್ನು: ಕಾಲ್ನಡಿಗೆಯ ಪ್ರವಾಸ ಮತ್ತು ಗ್ರಂಥಪಠನ. ಓದಲೇಬೇಕಾದ ಪುಸ್ತಕಗಳಲ್ಲಿ ರೋಮಿನ ಕವಿ ವರ್ಜಿಲನ ಕೃಷಿಕಾವ್ಯವಾದ ‘ಜಾರ್ಜಿಕ್ಸ್’ ಉಂಟು, ಇಂಗ್ಲೆಂಡಿನ ಜೆ. ಎ. ಬೇಕರನು ಡೇಗೆಹಕ್ಕಿಯನ್ನು ಕುರಿತು ಬರೆದು 1967ರಲ್ಲಿ ಪ್ರಕಟಿಸಿದ ‘ದಿ ಪೆರಿಗ್ರಿನ್’ ಉಂಟು. ಚಿತ್ರ ತೆಗೆಯಬಯಸುವವನು ಉಳುಮೆಯ ಕಾವ್ಯವನ್ನು ಏಕೆ ಓದಬೇಕು? ಇದಕ್ಕೆ ಉತ್ತರವನ್ನು ನಮ್ಮ ಆಲಂಕಾರಿಕರು ಎಂದೋ ಹೇಳಿಟ್ಟಿದ್ದಾರೆ.

ಕಾವ್ಯಪ್ರಕಾಶದಲ್ಲಿ ಮಮ್ಮಟನು ಕಾವ್ಯದ ಹುಟ್ಟಿಗೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳುತ್ತಾನೆ. ಶಕ್ತಿಯೆಂದರೆ ಹುಟ್ಟಿನಿಂದ ಬಂದ ಬೀಜ. ಲೋಕವನ್ನೂ ಶಾಸ್ತ್ರವನ್ನೂ ಕಾವ್ಯವನ್ನೂ ಪರಾಮರ್ಶಿಸಿದ್ದರಿಂದ ಬರುವುದು ನಿಪುಣತೆ. ಬಲ್ಲವರ ಶಿಕ್ಷಣದಲ್ಲಿ ಮತ್ತೆ ಮತ್ತೆ ಮಾಡಿ ನೋಡುವುದು ಅಭ್ಯಾಸ. ಈ ತಕ್ಕಡಿಯಲ್ಲಿಟ್ಟು ತೂಗಿದರೆ ಹೆರ್ಜಾಗರ ಶಾಲೆಯ ಗುಣದೋಷಗಳೆರಡೂ ತೋರುತ್ತವೆ. ನಡೆದು ನೋಡಿದ ಲೋಕ, ಓದಿ ತಿಳಿದ ಕಾವ್ಯ, ಇವೆರಡನ್ನೂ ಯಂತ್ರಕ್ಕಿಂತ ಮೇಲಿಟ್ಟುದು ಅದರ ಹಿರಿಮೆ. ಅವರು ತಾವು ಮಾಡದುದನ್ನು ಹೇಳಿದವರೂ ಅಲ್ಲ. 1974ರ ಚಳಿಗಾಲದಲ್ಲಿ ಮ್ಯೂನಿಕ್ಕಿನಿಂದ ಪ್ಯಾರಿಸಿಗೆ ಕಾಲ್ನಡಿಗೆಯಲ್ಲೇ ಹೋದವರು.

ಆದರೆ ಮಮ್ಮಟನು ಮೂರು ಕಾರಣಗಳೆಂದು ಹೇಳಲಿಲ್ಲ. ಮೂರೂ ಸೇರಿ ಒಂದೇ ಕಾರಣವೆಂದು ಏಕವಚನದಲ್ಲಿ ಹೇಳಿದನು. ಶಕ್ತಿಯುಳ್ಳವರನ್ನು ಆರಿಸಿ, ನಿಪುಣತೆಯ ದಾರಿ ತೋರಿ, ಅಭ್ಯಾಸವನ್ನು ಶಿಷ್ಯನ ಪಾಲಿಗೆ ಬಿಟ್ಟ ಶಾಲೆ ಪೂರ್ಣವಾದುದೆ? ಶಾಲೆಯು ವಿಧಿಸಿದ ಪುಸ್ತಕವೇ ಇದಕ್ಕೆ ಪ್ರತಿಸಾಕ್ಷಿ. ಬೇಕರನು ಡೇಗೆಯ ಹಿಂದೆ ಹತ್ತು ವರ್ಷ ಅಲೆದು, ಕಂಡದ್ದನ್ನು ಒಂದೇ ಚಳಿಗಾಲದ ಕಥನವಾಗಿ ಭಟ್ಟಿಯಿಳಿಸಿದನು. ಗುರುವಿನ ಬಾಳೂ ಅದನ್ನೇ ಹೇಳುತ್ತದೆ. ಹೆರ್ಜಾಗರ ಮೊದಲ ಕಿರುಚಿತ್ರ 1962ರದು. ಕೀರ್ತಿ ತಂದ ‘ಅಗೀರೆ’ 1972ರದು. ನಡುವಣ ಹತ್ತು ವರ್ಷಗಳೇ ಅವರ ನಿಜವಾದ ಪಾಠಶಾಲೆ. ಅದನ್ನು ಕೆಲವು ದಿನಗಳಲ್ಲಿ ಧಾರೆಯೆರೆಯಲು ಯಾರಿಗೂ ಆಗದು.

ಇನ್ನೊಂದು ಮಾತು. ಬೀಗ ತೆರೆಯುವುದನ್ನೂ ಚಿತ್ರೀಕರಣದ ಪರವಾನಗಿಯನ್ನು ನಕಲು ಮಾಡುವುದನ್ನೂ ಈ ಶಾಲೆ ಪಾಠಪಟ್ಟಿಯಲ್ಲಿ ಸೇರಿಸಿತ್ತು. ಅರ್ಧ ವಿನೋದವೆಂದೇ ಎಣಿಸೋಣ. ಆದರೂ ಗುರುವಿನ ವಿನೋದವನ್ನು ಶಿಷ್ಯನು ವಿಧಿಯಾಗಿ ಗ್ರಹಿಸುವುದುಂಟು. ಧೈರ್ಯ ಬೇರೆ, ವಂಚನೆ ಬೇರೆ. ಇವೆರಡರ ಭೇದವನ್ನು ಕಲಿಸದ ವಿದ್ಯೆ ವಿದ್ಯೆಯಲ್ಲ.

ಚಿತ್ರಕಲೆಗೆಂದು ಮನೆ ಬಿಡುವ ತರುಣರಿಗೂ ಅವರಿಗಾಗಿ ಹಣ ಕೂಡಿಸುವ ತಂದೆತಾಯಿಗಳಿಗೂ ಇದರಿಂದ ತಿಳಿಯಬೇಕಾದುದು ಇಷ್ಟು: ಶಾಲೆಯನ್ನು ಆರಿಸುವಾಗ ಅಲ್ಲಿನ ಯಂತ್ರಗಳನ್ನು ಎಣಿಸಬೇಡಿರಿ, ಗುರುವಿನ ಕೀರ್ತಿಯನ್ನೂ ಎಣಿಸಬೇಡಿರಿ. ಶಿಷ್ಯನು ಅಲ್ಲಿ ಏನನ್ನು ಓದುತ್ತಾನೆ, ಎಷ್ಟು ಸಲ ತಪ್ಪಿ ತಿದ್ದಿಕೊಳ್ಳುತ್ತಾನೆ, ತಿದ್ದುವವರು ಬಳಿಯಲ್ಲಿ ಎಷ್ಟು ಕಾಲ ಇರುತ್ತಾರೆ ಎಂಬುದನ್ನು ವಿಚಾರಿಸಿರಿ.